ಏಳು ದಿನದ ಜೀರುಂಡೆ

ಸೊಂಟದ ಬಳಿ ಏನೋ ಗುಂಯ್ ಎಂದು ನಡುಗಿದಂತಾಗಿ ಅವಳು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ಬಿಳಿ ಕೋಟಿನ ಜೇಬನ್ನು ಮುಟ್ಟಿ ನೋಡಿಕೊಂಡಳು. ಜೇಬಿನಲ್ಲಿ ಏನೂ ಇರಲಿಲ್ಲ. ಯಂತ್ರ ಎದುರಿಗೇ ಇತ್ತು, ತೊಳೆಯುವ ತೊಟ್ಟಿಯ ಪಕ್ಕ, ಕವುಚಿ ಹಾಕಿದ ಗಾಜಿನ ಪಾತ್ರೆಗಳ ನಡುವೆ, ಸುಮ್ಮನೆ. ನಡುಗಿದ್ದು ಅವಳ ಮೈಯೇ. ಏಳೇ ದಿನಕ್ಕೆ ಮೈ ಇಷ್ಟೊಂದು ಕಲಿತುಬಿಟ್ಟಿತಲ್ಲ ಎಂದು ಅವಳಿಗೆ ಕೋಪ ಬಂತು. ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಈ ಲ್ಯಾಬಿನಲ್ಲಿ ಹದಿನಾರು ವರ್ಷ ನಿಂತ ಕಾಲಿಗೆ ಊತ ಬಂದಿತ್ತೇ ಹೊರತು ಇಂಥ ವಿಧೇಯತೆ ಬಂದಿರಲಿಲ್ಲ. ಅಂಗೈಯಗಲದ ಕಪ್ಪು ಯಂತ್ರ, ಕೆಳಗರ್ಧ ಮೆಂತ್ಯದ ಕಾಳಿನಷ್ಟು ಗುಂಡಿಗಳು, ಎಲ್ಲಿದ್ದರೂ ಇಮೇಲ್ ತಂದು ಕೈಗಿಡುತ್ತದೆ. ಸುತ್ತೋಲೆಯಲ್ಲಿ ಅದರ ಹೆಸರು ‘ಮೊಬೈಲ್ ಇಮೇಲ್ ಸಾಧನ’. ಪಾತ್ರೆ ತೊಳೆಯುವ ಅಕ್ಕ ಮೊದಲ ದಿನವೇ ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟಿದ್ದಳು. ಹಿರಿಯ ನೌಕರರು ಒಂದು ವಾರ ಇಟ್ಟುಕೊಂಡು ನೋಡಬೇಕು, ಏಳನೆಯ ದಿನ ಸಂಜೆ ನಾಲ್ಕರೊಳಗೆ ಒಂದು ಫಾರಂ ತುಂಬಿಕೊಡಬೇಕು. ಅದರಲ್ಲಿ ಎರಡೇ ಚೌಕ: ಸ್ವೀಕರಿಸಿದ್ದೇನೆ, ಹಿಂದಿರುಗಿಸಿದ್ದೇನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮುಖ್ಯ ವಿಶ್ಲೇಷಕರ ಹುದ್ದೆಗೆ ಪರಿಗಣಿಸಲ್ಪಡುವವರು ಸದಾ ಸಂಪರ್ಕದಲ್ಲಿರುವುದು ಅಪೇಕ್ಷಣೀಯ. ಆ ಹುದ್ದೆ ಖಾಲಿಯಾಗಿ ಐದು ತಿಂಗಳಾಗಿತ್ತು. ಅದು ತನಗೇ ಬರಬೇಕಾದದ್ದು ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ, ಆದರೆ ಬಾಯಿಬಿಟ್ಟು ಹೇಳದಿದ್ದರೂ ಬಯಸಿದ್ದು ಬಯಸಿದ್ದೇ. ಇವತ್ತು ಏಳನೆಯ ದಿನ.

ಬೇಡ ಎನ್ನುವುದು ಸುಲಭವಲ್ಲ, ಯಾಕೆಂದರೆ ಅದು ಅವಳಿಗೆ ಇಷ್ಟವಾಗಿತ್ತು. ಇದನ್ನು ಒಪ್ಪಿಕೊಳ್ಳುವಾಗ ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದವಳ ಹಾಗೆ ಮುಖ ಬಿಸಿಯಾಗುತ್ತಿತ್ತು. ಸೋಮವಾರ ಬಸ್ಸಿನಲ್ಲಿ ನಲವತ್ತು ನಿಮಿಷ ಕೂತಲ್ಲೇ ಹತ್ತೊಂಬತ್ತು ಪತ್ರಗಳಿಗೆ ಉತ್ತರ ಬರೆದಿದ್ದಳು. ಪಕ್ಕದ ಸೀಟಿನ ಮನುಷ್ಯ ಕತ್ತು ಉದ್ದ ಮಾಡಿ ನೋಡಿದಾಗ ಇವಳು ತೋಳನ್ನು ಸ್ವಲ್ಪ ಸರಿಸಿ ಅವನಿಗೆ ಕಾಣುವ ಹಾಗೆಯೇ ಹಿಡಿದಿದ್ದಳು. ಆಮೇಲೆ ಅಣ್ಣ. ದೂರದೇಶದಲ್ಲಿದ್ದು ವರ್ಷಕ್ಕೆ ಎರಡು ಸಲ ಬರೆಯುತ್ತಿದ್ದ ಅಣ್ಣ ಈ ವಾರ ನಾಲ್ಕು ಸಲ ಬರೆದ. ‘ಊಟ ಆಯ್ತಾ ಪುಟ್ಟೀ’ ಎಂದು ಅಷ್ಟು ದೂರದಿಂದ ಕೇಳಿದಾಗ ಅವಳು ಮೀಟಿಂಗಿನ ಮೇಜಿನ ಕೆಳಗೆ ಹೆಬ್ಬೆರಳಲ್ಲಿ ‘ಆಯ್ತು ಅಣ್ಣಾ, ನಿಂದು?’ ಎಂದು ಒತ್ತಿ, ನಲವತ್ತಾರು ವರ್ಷದ ಹೆಂಗಸು ಹನ್ನೊಂದರ ಹುಡುಗಿಯ ಹಾಗೆ ತುಟಿ ಕಚ್ಚಿ ನಕ್ಕಿದ್ದಳು. ಆ ಸಂತೋಷ ಸುಳ್ಳು ಎಂದರೆ ನಾಲಗೆ ಬಿದ್ದುಹೋದೀತು. ಆದರೆ ಬುಧವಾರ ಊಟಕ್ಕೆ ಕೂತಾಗ ಮಗಳು ತಟ್ಟೆ ಪಕ್ಕಕ್ಕೆ ಸರಿಸಿ, “ಅಮ್ಮಾ, ನೀನು ಮೂರು ಸಲ ಹ್ಞೂಂ ಅಂದೆ. ನಾನು ಕೇಳಿದ್ದು ಒಂದೇ ಪ್ರಶ್ನೆ,” ಎಂದಳು. ಏನು ಕೇಳಿದೆ ಎಂದರೆ, “ಇನ್ನು ಬೇಡ ಬಿಡು, ಇಮೇಲ್ ಮಾಡ್ತೀನಿ,” ಎಂದು ಎದ್ದು ಹೋದಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಡಿಮೆ. ಬೇಕೋ ಬೇಡವೋ ಹೇಳಿ ಎಂದು ಅವನನ್ನೇ ಕೇಳಿದಾಗ, “ಗಾಜು ಸರಿಯಾಗಿದೆಯಾ ಅಂತ ಹಾಕ್ಕೊಂಡೋರು ಹೇಳ್ಬೇಕು ಕಣೇ, ಉಜ್ಜಿದೋನಲ್ಲ,” ಎಂದು ಹೇಳಿ ದೀಪ ಆರಿಸಿದ್ದ. ಅವನ ಎಲ್ಲಾ ಮಾತುಗಳೂ ಹೀಗೇ, ಕೇಳಿದವರ ತಲೆಗೇ ವಾಪಸು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಅದು ನಿಜವಾಗಿಯೇ ನಡುಗಿತು. ಕಲ್ಲಿನ ಮೇಜಿನ ಮೇಲೆ ನಡುಗಿದರೆ ಸುತ್ತಲಿನ ಗಾಜುಗಳೂ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. ನೀರು ಸರಬರಾಜಿನ ಎಂಜಿನಿಯರ್ ಬರೆದಿದ್ದರು. ಬೆಟ್ಟದ ಪಕ್ಕದ ಹೊಸ ಟ್ಯಾಂಕಿನ ಉದ್ಘಾಟನೆ ಸಂಜೆ ಐದಕ್ಕೆ ಇದ್ದದ್ದು ಮಧ್ಯಾಹ್ನ ಒಂದಕ್ಕೆ ಬಂದಿದೆ, ಮಂತ್ರಿಗಳಿಗೆ ಬೇರೆ ಕೆಲಸವಿದೆ, ನಿನ್ನೆಯ ಸ್ಯಾಂಪಲ್ ಹೇಗಿದೆ? ಅವಳು ಗೋಡೆ ಗಡಿಯಾರ ನೋಡಿದಳು. ನೋಡುವ ಅಗತ್ಯವಿರಲಿಲ್ಲ. ಆ ಟ್ಯಾಂಕಿನ ನೀರನ್ನು ಸೋಸಿ, ಸೋಸಿದ ಬಿಳಿ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟದ್ದು ನಿನ್ನೆ ಮಧ್ಯಾಹ್ನ ಮೂರೂವರೆಗೆ. ನೀರಿನಲ್ಲಿ ಕೊಳಕು ಇದ್ದರೆ ಅದು ಬೆಳೆದು ಹಳದಿ ಚುಕ್ಕೆಯಾಗಿ ಕಣ್ಣಿಗೆ ಕಾಣಲು ಇಪ್ಪತ್ನಾಲ್ಕು ಗಂಟೆ ಬೇಕು. ಹತ್ತಕ್ಕೆ ನೋಡಿದರೆ ಏನೂ ಕಾಣದಿರಬಹುದು, ಏನೂ ಇಲ್ಲ ಎಂದು ಅದರ ಅರ್ಥವಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ ಇದು. ಲ್ಯಾಬಿನಲ್ಲಿ ಹಿಂದಿನಿಂದ ಅವಳನ್ನು ಗಡಿಯಾರಮ್ಮ ಎನ್ನುತ್ತಾರೆ. ಅವಳಿಗೆ ಗೊತ್ತು. ಎರಡು ವರ್ಷದ ಹಿಂದೆ ಹಾಗೆ ಕರೆಯುತ್ತಿರಲಿಲ್ಲ ಎನ್ನುವುದೂ ಗೊತ್ತು. ಆ ಹೆಸರನ್ನು ಅವಳು ಆಮೇಲೆ ಹಟ ಹಿಡಿದು ಸಂಪಾದಿಸಿಕೊಂಡದ್ದು. ‘ಮೂರೂವರೆಗೆ ತಿಳಿಸುತ್ತೇನೆ’ ಎಂದು ಒತ್ತಿ ಕಳಿಸಿದಳು.

ಹತ್ತು ನಲವತ್ತಕ್ಕೆ ಮತ್ತೆ ಬಂತು. ‘ಅಧಿಕೃತ ವರದಿ ಬೇಡ ಮೇಡಂ, ಒಂದು ಅಂದಾಜು ಸಾಕು.’ ಹನ್ನೊಂದು ಐದಕ್ಕೆ, ‘ಸುಮ್ಮನೆ ಒಂದು ಸಲ ಕಣ್ಣಾಡಿಸಿ ಹೇಳಿ. ಹೌದು ಅಥವಾ ಇಲ್ಲ.’ ಕಣ್ಣಾಡಿಸಿ. ಆ ಪದ ಅವಳಿಗೆ ಹೊಸದಾಗಿರಲಿಲ್ಲ. ಎರಡು ವರ್ಷದ ಹಿಂದೆಯೂ ಇದೇ ಮನುಷ್ಯ, ಇದೇ ಪದ, ಆಗ ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ. ನರ್ಸಿಂಗ್ ಹಾಸ್ಟೆಲಿನ ಪೈಪು ಒಡೆದು ರಿಪೇರಿಯಾಗಿತ್ತು, ಹುಡುಗಿಯರು ಎರಡು ದಿನದಿಂದ ಟ್ಯಾಂಕರಿನ ಮುಂದೆ ಬಕೆಟ್ ಹಿಡಿದು ನಿಂತಿದ್ದರು. ಸ್ಯಾಂಪಲ್ ಒಳಗಿಟ್ಟು ಹದಿನೆಂಟು ಗಂಟೆಯಾಗಿತ್ತು. ಅವಳು ಮಗಳ ಶಾಲೆಗೆ ಹೋಗಬೇಕಾಗಿತ್ತು, ಭುಜಕ್ಕೆ ಚೀಲ ಹಾಕಿಕೊಂಡೇ ಪೆಟ್ಟಿಗೆಯ ಬಾಗಿಲು ತೆಗೆದು, ತಟ್ಟೆಯನ್ನು ಬೆಳಕಿಗೆ ಓರೆ ಮಾಡಿ ನೋಡಿ, ನಿಂತಲ್ಲೇ ಬಗ್ಗಿ ಎರಡು ಪದ ಒತ್ತಿದ್ದಳು: ‘ಏನೂ ಇಲ್ಲ.’ ಮಧ್ಯಾಹ್ನ ವಾಪಸು ಬಂದಾಗ ತಟ್ಟೆಯ ಮೇಲೆ ಹನ್ನೊಂದು ಹಳದಿ ಚುಕ್ಕೆಗಳಿದ್ದವು. ವಾಲ್ವ್ ಬೆಳಿಗ್ಗೆ ಹತ್ತಕ್ಕೇ ತೆರೆದಾಗಿತ್ತು. ಮೂವತ್ತನಾಲ್ಕು ಹುಡುಗಿಯರು ವಾಂತಿಭೇದಿಯಾಗಿ, ತಾವು ಕೆಲಸ ಕಲಿಯುವ ಆಸ್ಪತ್ರೆಯಲ್ಲೇ ಸಾಲಾಗಿ ಮಲಗಿದರು. ಯಾರೂ ಸಾಯಲಿಲ್ಲ. ಯಾರೂ ಸಾಯಲಿಲ್ಲ ಎಂದು ಅವಳು ಎಷ್ಟು ಸಲ ಹೇಳಿಕೊಂಡಿದ್ದಾಳೆಂದರೆ ಆ ಮಾತು ಈಗ ಉಜ್ಜಿ ಉಜ್ಜಿ ಸವೆದ ಸೋಪಿನಂತಾಗಿದೆ.

ತನಿಖೆಯಾಯಿತು. ಲ್ಯಾಬಿನ ಸಹಿ ಮಾಡಿದ ವರದಿ ಇಲ್ಲದೆ ವಾಲ್ವ್ ತೆರೆದದ್ದು ಯಾರು? ನೀರುಗಂಟಿ. ಬೆಳಗಾಗೆದ್ದು ಸೈಕಲ್ಲಿನಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಇಟ್ಟುಕೊಂಡು ಬೀದಿ ಬೀದಿಗೆ ನೀರು ಬಿಡುವವನು, ನಿವೃತ್ತಿಗೆ ಆರು ವರ್ಷ ಉಳಿದವನು. “ಸಾಹೇಬ್ರು ಫೋನಲ್ಲಿ ಬಿಡು ಅಂದ್ರು, ಲ್ಯಾಬ್‌ನೋರು ಹೇಳಿದಾರೆ ಅಂದ್ರು,” ಎಂದು ಅವನು ಹೇಳಿದ. ಹಾಗೆ ಹೇಳಿಲ್ಲ ಎಂದರು ಎಂಜಿನಿಯರ್. ತನಿಖೆಯವರು ಲ್ಯಾಬಿನಿಂದ ಅವಳನ್ನು ಕರೆದು, ವರದಿ ಎಷ್ಟು ಗಂಟೆಗೆ ಸಹಿ ಮಾಡಿದಿರಿ ಎಂದು ಮಾತ್ರ ಕೇಳಿದರು. ಮಧ್ಯಾಹ್ನ ಮೂರೂಕಾಲಿಗೆ, ಎಂದಳು. ಅದು ನಿಜವೇ. ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ನುಂಗಿಕೊಂಡು ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಅವನು ಕೂತಿದ್ದ, ಟೋಪಿ ತೊಡೆಯ ಮೇಲೆ. ಎದ್ದು ನಿಂತು ಅವಳಿಗೆ ನಮಸ್ಕಾರ ಮಾಡಿದ. ಅವನನ್ನು ಕೆಲಸದಿಂದ ತೆಗೆದರು. ಅವನು ಹಾಕಿಕೊಂಡ ಮೇಲ್ಮನವಿ ಇನ್ನೂ ವಿಚಾರಣಾಧಿಕಾರಿಯ ಮೇಜಿನ ಮೇಲೇ ಇದೆಯಂತೆ. ಈಗ ಅವನು ಮನೆಮನೆಗೆ ಹೋಗಿ ನಲ್ಲಿ ರಿಪೇರಿ ಮಾಡುತ್ತಾನೆ. ಹೋದ ತಿಂಗಳು ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದಾಗ ಗಂಡ ಯಾರನ್ನೋ ಕರೆದುಕೊಂಡು ಬಂದ. ಒಳಗಿನ ಕೋಣೆಯಿಂದ ಆ ದನಿ ಕೇಳಿದ ಕೂಡಲೇ ಅವಳು ಬಾಗಿಲು ಮುಂದೆ ಮಾಡಿ, ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಏನೂ ಅಂದಿರಲೂ ಇಲ್ಲ. ಮಗಳು ಅವನಿಗೆ ಕುಡಿಯಲು ನೀರು ಕೊಟ್ಟಳು. “ನಿಮ್ಮಮ್ಮ ನೀರಿನ ಲ್ಯಾಬಲ್ಲಿ ಅಲ್ವೇನಮ್ಮಾ?” ಎಂದು ಅವನು ಕೇಳಿದ್ದು, ಹೌದು ಎಂದು ಮಗಳು ಹೆಮ್ಮೆಯಿಂದ ಹೇಳಿದ್ದು ಬಾಗಿಲಿನ ಈಚೆ ಸ್ಪಷ್ಟವಾಗಿ ಕೇಳಿಸಿತು. “ಹಾಗಾದ್ರೆ ಧೈರ್ಯವಾಗಿ ಕುಡೀಬಹುದು,” ಎಂದು ಅವನು ಗಟಗಟನೆ ಕುಡಿದ. ಅದು ಚುಚ್ಚುಮಾತೋ, ನಂಬಿಕೆಯೋ ಅವಳಿಗೆ ಇವತ್ತಿಗೂ ತಿಳಿದಿಲ್ಲ. ಚುಚ್ಚುಮಾತಾಗಿದ್ದರೆ ಒಳ್ಳೆಯದಿತ್ತು.

“ಏನ್ ಮೇಡಮ್ಮಾ, ಜೀರುಂಡೆ ಇವತ್ತು ಬಹಳ ಕೂಗ್ತಾ ಇದೆ,” ಎಂದಳು ತೊಳೆಯುವ ಅಕ್ಕ, ಮೊಣಕೈವರೆಗೆ ನೊರೆ ಮಾಡಿಕೊಂಡು. “ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಜ್ಜಿ ಹೇಳ್ತಿದ್ಲು. ಈಗ ಆತುರಗಾರಂಗೇ ಯಂತ್ರ ಮಾಡಿಕೊಟ್ಟಿದಾರೆ.”

“ನಿನಗೆ ಕೊಟ್ರೆ ಇಟ್ಕೋತೀಯಾ ಅಕ್ಕಾ?”

“ನನಗ್ಯಾರು ಬರೀತಾರೆ? ಬರೆಯೋರಿದ್ದಿದ್ರೆ ಇಟ್ಕೋತಿದ್ದೆ,” ಎಂದು ಅಕ್ಕ ನಕ್ಕು ಬಾಟಲಿಗೆ ಬ್ರಷ್ ತೂರಿಸಿದಳು. “ಒಂದ್ ಮಾತು. ನಿಮ್ಮ ಕೈ ಬೆಳಗಿಂದ ನಾಲ್ಕು ಸಲ ಪೆಟ್ಟಿಗೆ ಹಿಡಿ ಮೇಲೆ ಹೋಗಿ ಬಂತು. ನಾನೇನೂ ಹೇಳಲ್ಲಪ್ಪ, ನೋಡ್ದೆ ಅಷ್ಟೆ.”

ನಾಲ್ಕು ಸಲವೇ! ಅವಳಿಗೆ ನೆನಪಿದ್ದದ್ದು ಎರಡು. ಈಗ ಐದನೆಯ ಸಲ ಎದ್ದು ಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ಒಳಗೆ ಮೂವತ್ತೈದು ಡಿಗ್ರಿ, ಹೆಚ್ಚುಕಡಿಮೆ ಜ್ವರವಿಲ್ಲದ ಮೈಯಷ್ಟು ಬೆಚ್ಚಗೆ. ತಟ್ಟೆಗಳು ಒಂದರ ಮೇಲೊಂದು ಬೋರಲಾಗಿ, ಕತ್ತಲಲ್ಲಿ, ತಮ್ಮ ಪಾಡಿಗೆ. ತೆಗೆದು ನೋಡಿದರೆ ಏನು ಕಳೆದುಹೋಗುತ್ತದೆ? ನೋಡಿ, ಹೇಳದೇ ಇರಬಹುದಲ್ಲ? ಇಲ್ಲ, ಇರಲಾಗುವುದಿಲ್ಲ. ನೋಡಿದರೆ ಹೇಳುತ್ತಾಳೆ. ಇದನ್ನು ಅವಳು ತನ್ನ ಬಗ್ಗೆ ಸರಿಯಾಗಿಯೇ ತಿಳಿದಿದ್ದಳು. ಒಬ್ಬರು ಕೇಳಿದಾಗ ‘ನನಗಿನ್ನೂ ಗೊತ್ತಿಲ್ಲ’ ಎಂದು ಹೇಳುವುದು ಅವಳಿಗೆ ಚಿಕ್ಕಂದಿನಿಂದ ಬಹಳ ಕಷ್ಟ. ಮೇಷ್ಟರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಅವಳು. ಜಾಣೆ, ಚುರುಕು, ಎಂದು ಎಲ್ಲರೂ ಹೊಗಳಿದ್ದರು. ಆ ಹೊಗಳಿಕೆಯೇ ಹಾಸ್ಟೆಲಿನ ಹುಡುಗಿಯರ ಹೊಟ್ಟೆಗೆ ಹೋಯಿತು ಎಂದು ಈಗ ಅನ್ನಿಸಿ ಹಿಡಿಯ ಮೇಲಿಂದ ಕೈ ತೆಗೆದಳು. ಈ ಯಂತ್ರದಲ್ಲಿ ತಪ್ಪೇನಿಲ್ಲ, ತಪ್ಪು ತನ್ನಲ್ಲಿದೆ, ತನ್ನಂಥವಳ ಕೈಗೆ ಇದು ಬರಬಾರದು. ಹೀಗೆ ಅಂದುಕೊಂಡ ಮರುಕ್ಷಣವೇ ರೇಗಿತು. ಯಾಕೆ ತನ್ನಲ್ಲಿ? ಬಾವಿಗೆ ಹಗ್ಗ ಬಿಟ್ಟು ಕೊಡ ಮುಳುಗುವ ಮೊದಲೇ ಎಳೆ ಎಳೆ ಎನ್ನುವವರ ತಪ್ಪು ಎಲ್ಲಿ ಹೋಯಿತು?

ಹನ್ನೊಂದು ಐವತ್ತಕ್ಕೆ ನಿರ್ದೇಶಕರು ತಾವೇ ಬಂದರು. ಲ್ಯಾಬಿನೊಳಗೆ ಬರುವಾಗ ಕೋಟು ಹಾಕಿಕೊಳ್ಳಬೇಕೆಂಬ ನಿಯಮ ಬರೆದವರು ಅವರೇ, ಹಾಕಿಕೊಳ್ಳದೆ ಬರುವವರೂ ಅವರೊಬ್ಬರೇ. ಒಳ್ಳೆಯ ಮನುಷ್ಯ. ಯಾರಿಗೂ ಬೈದವರಲ್ಲ. ಅವರ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಆಚೆಗೂ ಬೆಳಕು, ಈಚೆಗೂ ಬೆಳಕು. ಕೈಯಲ್ಲಿ ಅವರದೇ ಜೀರುಂಡೆ ಇತ್ತು. ತೊಳೆಯುವ ಅಕ್ಕ ನಲ್ಲಿ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ಹೊರಗೆ ಹೋದಳು.

“ಏನಮ್ಮಾ, ಎಂಜಿನಿಯರಿಗೆ ಒಂದು ಉತ್ತರ ಕೊಡಬಾರದಾ? ಬೆಳಗಿಂದ ನನ್ನ ಪ್ರಾಣ ತಿಂತಿದಾರೆ.”

“ಕೊಟ್ಟಿದೀನಿ ಸಾರ್. ಮೂರೂವರೆಗೆ ಅಂತ.”

“ಅದು ಉತ್ತರ ಅಲ್ಲಮ್ಮಾ, ವಾಯಿದೆ. ಇಪ್ಪತ್ತು ಗಂಟೆ ಆಗಿದೆ. ಇರೋದಾದ್ರೆ ಸುಳಿವಾದ್ರೂ ಕಾಣುತ್ತೆ. ಹೊಸ ಟ್ಯಾಂಕು, ಹೊಸ ಪೈಪು, ಏನಿರುತ್ತೆ ಅದ್ರಲ್ಲಿ?”

“ಹಾಗಾದ್ರೆ ನನ್ನ ಯಾಕೆ ಕೇಳ್ತೀರಿ? ನೀವೇ ಬರೆದುಕೊಡಿ.”

ಅವರು ಬೆಚ್ಚಿದರು. ಅವಳೂ ಬೆಚ್ಚಿದಳು. ಹದಿನಾರು ವರ್ಷದಲ್ಲಿ ಇವರ ಮುಂದೆ ಇಂಥ ದನಿ ಅವಳ ಗಂಟಲಿನಿಂದ ಬಂದಿರಲಿಲ್ಲ. ಬಂದದ್ದು ಚೆನ್ನಾಗಿತ್ತು. ಅವರು ಸ್ಟೂಲು ಎಳೆದುಕೊಂಡು ಕೂತು, ದನಿ ತಗ್ಗಿಸಿ, “ಇವತ್ತೇ ನಿಮ್ಮ ಫಾರಂ ಬರೋ ದಿನ. ಮುಖ್ಯ ವಿಶ್ಲೇಷಕರ ಹೆಸರು ನಾನು ಕಳಿಸ್ಬೇಕು. ಈ ಯಂತ್ರ ಕೊಟ್ಟಿರೋದು ಇಂಥ ಹೊತ್ತಿಗೇ ಅಲ್ವಾ? ಕೇಳಿದ ಕೂಡಲೇ ಹೇಳೋದು,” ಎಂದರು.

“ಕೇಳಿದ ಕೂಡಲೇ ಒಂದ್ಸಲ ಹೇಳಿದ್ದೆ ಸಾರ್.” ಬಾಯಿಂದ ಬಂದೇಬಿಟ್ಟಿತು. ಎರಡು ವರ್ಷ ನಾಲಗೆಯ ಕೆಳಗೆ ಇಟ್ಟುಕೊಂಡದ್ದು. “ಹಾಸ್ಟೆಲಿನ ನೀರು. ಹದಿನೆಂಟು ಗಂಟೆಗೆ ನಾನೇ ಬರೆದೆ, ಏನೂ ಇಲ್ಲ ಅಂತ. ಅದನ್ನ ನೋಡಿಯೇ ಅವರು ವಾಲ್ವ್ ತೆಗೆಸಿದ್ದು. ನೀರುಗಂಟಿ ತಪ್ಪಲ್ಲ ಅದು.”

ಹೇಳಿ ಮುಗಿಸಿ ಮೇಜಿನ ಅಂಚು ಹಿಡಿದುಕೊಂಡಳು. ಛಾವಣಿ ಕುಸಿಯಬೇಕಾಗಿತ್ತು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು.

“ಗೊತ್ತಮ್ಮಾ.”

“ಏನ್ ಗೊತ್ತು?”

“ಆ ಇಮೇಲ್ ನನಗೂ ಬಂದಿತ್ತಲ್ಲ. ಅವರು ನನಗೂ ಒಂದು ಪ್ರತಿ ಹಾಕಿ ಕೇಳಿದ್ರು, ನೀವು ಉತ್ತರ ‘ಎಲ್ಲರಿಗೂ’ ಅಂತ ಒತ್ತಿದ್ರಿ. ಅವತ್ತೇ ನೋಡಿದೆ.” ಕನ್ನಡಕ ಮತ್ತೆ ಹಾಕಿಕೊಂಡು, ಮಗುವಿಗೆ ಹೇಳುವಂತೆ, “ಲ್ಯಾಬಿನ ಮರ್ಯಾದೆ ಪ್ರಶ್ನೆ. ತನಿಖೆಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮನ್ನ ಉಳಿಸಿಕೊಂಡೆ ಅಂದ್ಕೊಳ್ಳಿ. ಹಳೇದನ್ನ ಯಾಕೆ ಕೆದಕ್ತೀರಿ? ಮೂರೂವರೆನೇ ಆಗ್ಲಿ ಬಿಡಿ, ಮಂತ್ರಿಗಳು ಬರೀ ರಿಬ್ಬನ್ ಕತ್ತರಿಸ್ಲಿ, ನೀರು ಆಮೇಲೆ ಬಿಡೋಣ. ನಾನು ಹೇಳ್ತೀನಿ,” ಎಂದು ಎದ್ದು ಹೋದರು. ಎಷ್ಟು ಸುಲಭ! ರಿಬ್ಬನ್ ಈಗ, ನೀರು ಆಮೇಲೆ. ಬೆಳಗಿನಿಂದ ಯಾರಿಗೂ ಹೊಳೆಯದಿದ್ದ ಉಪಾಯ, ತಮ್ಮ ಕಾಲಬುಡಕ್ಕೆ ಬಂದ ಕೂಡಲೇ ಹೊಳೆಯಿತು.

ಅವಳು ಊಟಕ್ಕೆ ಹೋಗಲಿಲ್ಲ. ಡಬ್ಬಿ ಬಿಚ್ಚಿ ಮುಚ್ಚಿದಳು. ಅವಮಾನ ಎಂದರೆ ಹೀಗೂ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡ ಪಾಪ, ಅವರ ಪಾಲಿಗೆ ಡ್ರಾಯರಿನೊಳಗಿನ ಒಂದು ಹಳೆಯ ಕಾಗದ. ಕನಸಿನಲ್ಲಿ ಹಳದಿ ಚುಕ್ಕೆ ಕಂಡು ಎದ್ದು ಕೂತದ್ದು, ಎದುರಿಗೆ ಕೀಲಿ ಹಿಡಿದ ಯಾವ ಮನುಷ್ಯ ಕಂಡರೂ ರಸ್ತೆ ದಾಟಿದ್ದು, ಮಂಚದ ಅಂಚಿನಲ್ಲಿ ಉಸಿರು ಬಿಗಿಹಿಡಿದದ್ದು, ಇದನ್ನೆಲ್ಲ ಅವರು ಪ್ರತಿ ಬೆಳಿಗ್ಗೆ ‘ಚೆನ್ನಾಗಿದ್ದೀರಾ ಅಮ್ಮಾ’ ಎಂದು ಕೇಳುವಾಗ ನೋಡುತ್ತಲೇ ಇದ್ದರು. ಉಳಿಸಿಕೊಂಡರಂತೆ! ಉಳಿಸಿದ್ದು ಯಾರನ್ನು? ತಮ್ಮ ಕುರ್ಚಿಯನ್ನು, ಎಂಜಿನಿಯರಿನ ಸ್ನೇಹವನ್ನು. ಅದರ ಜೊತೆಗೆ, ಬುತ್ತಿ ಕಟ್ಟುವಾಗ ಮಿಕ್ಕ ಹಾಳೆಯನ್ನು ಮಡಿಸಿಟ್ಟ ಹಾಗೆ, ಅವಳನ್ನೂ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು, ಅದನ್ನು ಕೋಟಿನ ತೋಳಿಗೆ ಒರೆಸಿಕೊಂಡಳು. ಆದರೆ ಸಿಟ್ಟು ಎಷ್ಟೇ ಬಿಸಿಯಾಗಿದ್ದರೂ ಅದರ ತಳದಲ್ಲಿ ಒಂದು ತಣ್ಣನೆಯ ವಿಷಯ ಕೂತಿತ್ತು, ಅದನ್ನು ದಾಟಿ ಹೋಗಲು ಆಗಲಿಲ್ಲ. ಅವರು ಮುಚ್ಚಿಟ್ಟರು, ಸರಿ. ತಾನು? ಕಾಯುವುದು ತನ್ನ ಕಸುಬು ಎಂದು ಎದೆಯುಬ್ಬಿಸಿ ಹೇಳುತ್ತಾಳೆ. ಇಪ್ಪತ್ನಾಲ್ಕು ಗಂಟೆ ಕಾಯಬೇಕಾದದ್ದು ತಟ್ಟೆಗೆ, ಅದರಲ್ಲಿ ಏನಿದೆಯೆಂದು ಗೊತ್ತಿಲ್ಲದ್ದರಿಂದ. ನೀರುಗಂಟಿಯ ವಿಷಯದಲ್ಲಿ ಗೊತ್ತಿಲ್ಲದ್ದು ಏನಿತ್ತು? ಮೊದಲ ದಿನವೇ ಎಲ್ಲವೂ ಗೊತ್ತಿತ್ತು. ಅದು ಕಾದದ್ದಲ್ಲ, ಅಡಗಿಕೊಂಡದ್ದು. ಗಡಿಯಾರಮ್ಮ ಗಡಿಯಾರದ ಹಿಂದೆ ಅಡಗಿಕೊಂಡಿದ್ದಳು.

ಈ ಮಾತು ಸಿಕ್ಕಿದ ಮೇಲೆ ವಿಚಿತ್ರವಾಗಿ ಹಸಿವಾಯಿತು. ಡಬ್ಬಿ ಮತ್ತೆ ಬಿಚ್ಚಿ ತಣ್ಣಗಾದದ್ದನ್ನೆಲ್ಲ ತಿಂದಳು. ತಿನ್ನುವಾಗ ಯಂತ್ರ ಎರಡು ಸಲ ನಡುಗಿತು, ಅಣ್ಣನದು ಒಂದು, ಸಿಬ್ಬಂದಿ ವಿಭಾಗದ್ದು ಒಂದು: ಫಾರಂ ಇನ್ನೂ ಬಂದಿಲ್ಲ, ನೆನಪಿರಲಿ. ಅಣ್ಣನಿಗೆ ಉತ್ತರ ಬರೆಯುವ ಆಸೆಯಾಯಿತು. ಮುಖ್ಯ ವಿಶ್ಲೇಷಕಿಯ ಕೋಣೆ, ಅದರ ಪೂರ್ವದ ಕಿಟಕಿ, ಬಾಗಿಲ ಮೇಲಿನ ಫಲಕ, ಅದರ ಮೇಲೆ ತನ್ನ ಹೆಸರು ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದೂ ಇತ್ತು. ಅದೆಲ್ಲ ಬೇಕಾಗಿತ್ತು, ಈಗಲೂ ಬೇಕು. ಬೇಡವೆಂದು ಸುಳ್ಳು ಹೇಳಿಕೊಳ್ಳುವ ದೊಡ್ಡತನ ಅವಳಿಗೆ ಬರಲಿಲ್ಲ. ಬೇಕಾದದ್ದನ್ನು ಬಿಡುವುದೇ ಆದರೆ ಬೇಕು ಎಂದುಕೊಂಡೇ ಬಿಡಬೇಕು. ಅಷ್ಟಾದರೂ ಮರ್ಯಾದೆ ಬೇಡವೇ.

ಮೂರೂವರೆಗೆ ಸರಿಯಾಗಿ ಪೆಟ್ಟಿಗೆಯ ಬಾಗಿಲು ತೆಗೆದಳು. ನಿರ್ದೇಶಕರು ಆಗಲೇ ಬಂದು ಬೆನ್ನ ಹಿಂದೆ ನಿಂತಿದ್ದರು, ಅವರ ಉಸಿರಾಟ ಕೇಳುತ್ತಿತ್ತು. ತಟ್ಟೆಯನ್ನು ದೀಪದ ಕೆಳಗಿಟ್ಟು, ಭೂತಗನ್ನಡಿ ಹಿಡಿದು, ಬಿಳಿ ಬಿಲ್ಲೆಯ ಮೇಲಿನ ಸಣ್ಣ ಚೌಕಗಳನ್ನು ಒಂದೊಂದಾಗಿ ಎಡದಿಂದ ಬಲಕ್ಕೆ ಓದಿದಳು. ಮನಸ್ಸಿನ ಮೂಲೆಯಲ್ಲಿ ಒಂದು ಕೆಟ್ಟ ಆಸೆಯಿತ್ತು, ಒಂದಾದರೂ ಹಳದಿ ಚುಕ್ಕೆ ಸಿಗಲಿ, ಇವರ ಮುಖ ನೋಡಬೇಕು ಎಂದು. ಕೊನೆಯ ಚೌಕದವರೆಗೂ ಓದಿದಳು. ಏನೂ ಇರಲಿಲ್ಲ. ನೀರು ಶುದ್ಧವಾಗಿತ್ತು.

“ನೋಡಿದ್ರಾ?” ನಿರ್ದೇಶಕರು ನಕ್ಕೇಬಿಟ್ಟರು, ಅದರಲ್ಲಿ ಹಗೆಯಿರಲಿಲ್ಲ. “ಬೆಳಿಗ್ಗೆ ಹತ್ತಕ್ಕೇ ಹೇಳಬಹುದಿತ್ತು. ಸುಮ್ಸುಮ್ನೆ ಎಲ್ಲರಿಗೂ ಕಿರಿಕಿರಿ.”

“ಬೆಳಿಗ್ಗೆ ಹತ್ತಕ್ಕೆ ನನಗೆ ಗೊತ್ತಿರಲಿಲ್ಲ ಸಾರ್.”

“ಅದೇ ನೀರು, ಅದೇ ತಟ್ಟೆ ಅಲ್ವಾ?”

“ಅದೇ. ಆದ್ರೆ ನನಗೆ ಗೊತ್ತಿರಲಿಲ್ಲ.”

ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಹಟ ಹಿಡಿದದ್ದು ವ್ಯರ್ಥವಾಯಿತು ಎಂದು ಲೋಕಕ್ಕೆ ಕಾಣುವ ಈ ಗಳಿಗೆಯಲ್ಲೇ, ಹಟ ಸರಿಯಾಗಿತ್ತು ಎಂದು ಅವಳಿಗೆ ಸಂಪೂರ್ಣ ಖಾತ್ರಿಯಾಯಿತು. ವರದಿ ಬರೆದು, ಗಂಟೆ ನಿಮಿಷ ಹಾಕಿ, ಸಹಿ ಮಾಡಿ ಅವರ ಕೈಗೆ ಕೊಟ್ಟಳು. ಅವರು ಅದನ್ನು ಮಡಿಸುತ್ತ, “ಆಯ್ತು, ಆ ಫಾರಂ ಒಂದು ತುಂಬಿಬಿಡಿ. ನಾನೇ ತಗೊಂಡು ಹೋಗ್ತೀನಿ. ಸ್ವೀಕರಿಸಿದ್ದೇನೆ ಅಂತ ಹಾಕಿ, ಮುಗೀತು,” ಎಂದರು.

“ಒಂದೈದು ನಿಮಿಷ ಕೂತ್ಕೊಳ್ಳಿ ಸಾರ್. ಒಂದು ಪತ್ರ ಕಳಿಸೋದಿದೆ.”

ಅವಳು ಜೀರುಂಡೆಯನ್ನು ಕೈಗೆತ್ತಿಕೊಂಡಳು. ವಿಚಾರಣಾಧಿಕಾರಿಯ ವಿಳಾಸ ಹುಡುಕಲು ಹೊತ್ತು ಹಿಡಿಯಿತು. ಎಂಜಿನಿಯರಿನದು, ಸಿಬ್ಬಂದಿ ವಿಭಾಗದ್ದು, ನಿರ್ದೇಶಕರದು ಬೆರಳಿಗೇ ಬಂದವು. ಮಗಳಾಗಿದ್ದರೆ ಅರ್ಧ ನಿಮಿಷದ ಕೆಲಸ. ಅವಳ ದಪ್ಪ ಹೆಬ್ಬೆರಳು ಒಂದನ್ನು ಒತ್ತಿದರೆ ಪಕ್ಕದ ಎರಡು ಗುಂಡಿಗಳೂ ಇಳಿಯುತ್ತಿದ್ದವು. ತಪ್ಪುಗಳನ್ನು ತಿದ್ದಲಿಲ್ಲ. ತಿದ್ದಲು ಹೋದರೆ ನಯವಾಗುತ್ತದೆ, ನಯವಾದರೆ ಅಡ್ಡಗೋಡೆಯ ಮೇಲೆ ಹತ್ತಿ ಕೂರುತ್ತದೆ. ಬರೆದದ್ದು ಇಷ್ಟು: ‘ಎರಡು ವರ್ಷದ ಹಿಂದೆ ನರ್ಸಿಂಗ್ ಹಾಸ್ಟೆಲಿನ ನೀರಿನ ಪರೀಕ್ಷೆ ಮುಗಿಯುವ ಮೊದಲೇ, ಹದಿನೆಂಟನೆಯ ಗಂಟೆಗೆ, ಏನೂ ಇಲ್ಲ ಎಂದು ಎಂಜಿನಿಯರಿಗೆ ಇಮೇಲ್ ಮಾಡಿದವಳು ನಾನು. ವಾಲ್ವ್ ತೆರೆದದ್ದು ಅದರ ಮೇಲೆ. ನಿರ್ದೇಶಕರಿಗೂ ಅದರ ಪ್ರತಿ ಹೋಗಿದೆ, ಅವರಿಗೆ ಅಂದಿನಿಂದ ಗೊತ್ತು. ತನಿಖೆಯಲ್ಲಿ ನಾನು ಇದನ್ನು ಹೇಳಲಿಲ್ಲ, ಹೇಳಬೇಕಾಗಿತ್ತು. ನೀರುಗಂಟಿಯದು ತಪ್ಪಿಲ್ಲ. ಅವರನ್ನು ವಾಪಸು ಕೆಲಸಕ್ಕೆ ತೆಗೆದುಕೊಳ್ಳಿ. ನನ್ನನ್ನು ಏನು ಮಾಡಬೇಕೋ ಮಾಡಿ.’ ಒತ್ತಿದಳು. ಹೋಯಿತು. ಇಷ್ಟು ಬೇಗ ಹೋಗುತ್ತದೆ ಎಂದು ಏಳು ದಿನದಿಂದ ಗೊತ್ತಿದ್ದರೂ ಪರದೆಯನ್ನು ಮತ್ತೊಮ್ಮೆ ನೋಡಿದಳು. ಮಾಡಿದ ತಪ್ಪೂ ಇದೇ ದಾರಿಯಲ್ಲಿ ಹೋದದ್ದು, ತಪ್ಪೊಪ್ಪಿಗೆಯೂ ಇದೇ ದಾರಿಯಲ್ಲೇ ಹೋಗಲಿ. ಇದೊಂದಕ್ಕೆ ಮಾತ್ರ ಈ ಯಂತ್ರ ಇಟ್ಟುಕೊಳ್ಳಲು ಯೋಗ್ಯವಾಗಿತ್ತು.

ಅವಳು ಪೆನ್ನು ತೆಗೆದು ಫಾರಮ್ಮಿನ ಎರಡನೆಯ ಚೌಕದಲ್ಲಿ, ‘ಹಿಂದಿರುಗಿಸಿದ್ದೇನೆ’ ಎಂಬುದರಲ್ಲಿ, ಗುರುತು ಹಾಕಿ, ಯಂತ್ರವನ್ನು ಅದರ ಮೇಲಿಟ್ಟು ಅವರ ಕಡೆಗೆ ಸರಿಸಿದಳು. ಅಷ್ಟರಲ್ಲಿ ನಿರ್ದೇಶಕರ ಜೇಬು ಗುಂಯ್ ಎಂದಿತು. ಅವರು ಅಭ್ಯಾಸಬಲದಿಂದ ತೆಗೆದು ಓದಿದರು. ನಿಧಾನವಾಗಿ, ಕೊನೆಯವರೆಗೆ ಓದಿ, ಮತ್ತೆ ಮೊದಲಿನಿಂದ ಓದಿದರು. ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು.

“ಏನಮ್ಮಾ ಇದು, ಎಲ್ಲರಿಗೂ ಹೋಗಿಬಿಡ್ತಲ್ಲಮ್ಮಾ. ಇಂಥದ್ದನ್ನ ಇಷ್ಟು ಆತುರವಾಗಿ ಬರೀತಾರಾ? ಒಂದು ರಾತ್ರಿಯಾದ್ರೂ ಯೋಚನೆ ಮಾಡಬಾರದಿತ್ತಾ?”

“ಏಳುನೂರು ರಾತ್ರಿ ಯೋಚನೆ ಮಾಡಿದೀನಿ ಸಾರ್,” ಎಂದಳು ಅವಳು.